ಹೆರನ್ ಬೆಂಡ್‌ನಲ್ಲಿ ನೆಲ ನಡುಗಿದ್ದು

ಮಂದಾಕಿನಿ ಚಪಾತಿ ಲಟ್ಟಿಸುತ್ತಿದ್ದಳು. ನಾಲ್ಕು ವರ್ಷದ ಮಗಳು ಮೀರಾ ಅಡುಗೆಮನೆಯ ನೆಲದ ಮೇಲೆ ಬಣ್ಣದ ಕಡ್ಡಿಗಳನ್ನು ಹರಡಿಕೊಂಡು ಕೂತಿದ್ದಳು. ಅಕ್ಟೋಬರ್ ತಿಂಗಳ ಮಧ್ಯಾಹ್ನ. ಕಿಟಕಿ ತೆರೆದಿತ್ತು. ದೂರದಲ್ಲೆಲ್ಲೋ ಭಾರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂತೆ ಸದ್ದಾಯಿತು. ಅದರ ಹಿಂದೆಯೇ ಕಾಲ ಕೆಳಗಿನ ನೆಲ ಒಮ್ಮೆ ಜರುಗಿತು. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು.

ಅವಳು ಮಗುವನ್ನು ಬಗಲಿಗೆ ಎತ್ತಿಕೊಂಡು ಬರಿಗಾಲಲ್ಲಿ ಹೊರಗೆ ಓಡಿದಳು. ಹುಲ್ಲಿನ ನಡುವೆ, ಮರಕ್ಕೂ ಗೋಡೆಗೂ ದೂರವಾದ ಜಾಗದಲ್ಲಿ ನಿಂತಾಗಲೇ ಉಸಿರು ಬಿಟ್ಟಿದ್ದು. ಕೈಯಲ್ಲಿ ಲಟ್ಟಣಿಗೆ ಹಾಗೇ ಇತ್ತು.

ಎದುರು ಮನೆಯ ಲೊರೀನ್ ಗಿಡಗಳಿಗೆ ನೀರು ಹಾಕುತ್ತಿದ್ದವಳು ಪೈಪನ್ನು ಕೆಳಗಿಟ್ಟು ರಸ್ತೆ ದಾಟಿ ಬಂದಳು. ಎಪ್ಪತ್ತರ ಹತ್ತಿರದ ವಿಧವೆ, ಎಣ್ಣೆ ಬಾವಿಗಳಲ್ಲಿ ದುಡಿದವನ ಹೆಂಡತಿ. ಆ ಬೀದಿಗೆ ಮೊದಲು ಬಂದು ಮನೆ ಕಟ್ಟಿಕೊಂಡವರು ಅವರೇ.

"ಏನಾಯ್ತಮ್ಮ? ಮನೆಗೆ ಬೆಂಕಿ ಬಿತ್ತಾ?"

"ಭೂಕಂಪ," ಎಂದಳು ಮಂದಾಕಿನಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ. "ನಿಮಗೆ ಗೊತ್ತಾಗಲಿಲ್ಲವೆ?"

ಲೊರೀನ್ ನಕ್ಕಳು. ಕೆಟ್ಟ ನಗೆಯಲ್ಲ. "ನಮ್ಮಲ್ಲಿ ಬಿರುಗಾಳಿ ಬರುತ್ತೆ, ನೆರೆ ಬರುತ್ತೆ, ಹಾವು ಬರುತ್ತೆ. ಭೂಕಂಪ ಮಾತ್ರ ಕ್ಯಾಲಿಫೋರ್ನಿಯಾದವರಿಗೆ ಬಿಟ್ಟಿದ್ದೇವೆ." ಆಮೇಲೆ ಅವಳ ಮುಖ ನೋಡಿ ನಗೆ ನಿಲ್ಲಿಸಿ, ಭುಜದ ಮೇಲೆ ಕೈಯಿಟ್ಟಳು. ಒಳಗಿನಿಂದ ಚಪಾತಿ ಸೀದ ವಾಸನೆ ಬರುತ್ತಿತ್ತು.

ಹೆರನ್ ಬೆಂಡ್ ಹೂಸ್ಟನ್ನಿನ ಪೂರ್ವಕ್ಕೆ, ನದಿ ತಿರುವು ತೆಗೆದುಕೊಳ್ಳುವ ಕಡೆ ಹಬ್ಬಿದ ಬಡಾವಣೆ. ಓಕ್ ಮರಗಳ ಕೆಳಗೆ ಒಂದೇ ಅಂತಸ್ತಿನ ಇಟ್ಟಿಗೆ ಮನೆಗಳು, ಹಿತ್ತಿಲಿನಾಚೆ ನೀರು, ನೀರಿನಾಚೆ ಕಾರ್ಖಾನೆಗಳ ಚಿಮಣಿಗಳು. ಸಂಜೆ ಬಿಳಿಯ ಕೊಕ್ಕರೆಗಳು ಹಿತ್ತಿಲಿಗೇ ಬಂದು ನಿಲ್ಲುತ್ತಿದ್ದವು. ಮಂದಾಕಿನಿಯ ಗಂಡ ಮುರಳೀಧರ ಸಮುದ್ರದಲ್ಲಿ ಎಣ್ಣೆ ತೆಗೆಯುವ ಅಟ್ಟಣೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ನದಿ ನೋಡಿಯೇ ಆ ಮನೆ ಒಪ್ಪಿದ್ದ. ಕೊಂಡು ಆರು ತಿಂಗಳೂ ಆಗಿರಲಿಲ್ಲ.

ಸಂಜೆ ಅವನು ಬಂದಾಗ ಅವಳು ಹೇಳಿದಳು. ಅವನು ಷೂ ಬಿಚ್ಚುತ್ತಾ ಕೇಳಿಸಿಕೊಂಡ.

"ಮಂದಾ, ಇಲ್ಲಿ ಬಂಡೆ ಸಿಗಬೇಕಾದರೆ ಮೈಲಿಗಟ್ಟಲೆ ಕೆಳಗೆ ಹೋಗಬೇಕು. ಮೇಲಿರೋದೆಲ್ಲ ಜೇಡಿಮಣ್ಣು, ಮರಳು. ಭೂಕಂಪ ಆಗೋ ಜಾಗ ಅಲ್ಲ ಇದು. ಯಾವುದೋ ಲಾರಿ ಹೋಗಿರುತ್ತೆ."

"ಲಾರಿ ಸಪ್ಪಳ ನಂಗ ಗೊತ್ತಿಲ್ಲೇನ್ರಿ? ಇದು ಬ್ಯಾರೆ."

"ನಿನಗೆ ಹಾಗನಿಸೋದು ಸಹಜ ಕಣೇ," ಎಂದ ಅವನು, ಮೆತ್ತಗೆ. ಆ ಮೆತ್ತನೆಯ ದನಿಯೇ ಅವಳನ್ನು ಹೆಚ್ಚು ನೋಯಿಸಿತು.

ಸಹಜ ಎಂದದ್ದಕ್ಕೆ ಕಾರಣವಿತ್ತು. ಅರವತ್ತೇಳರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಬಿ.ಎ. ಓದುತ್ತಿದ್ದ ಮಂದಾಕಿನಿ ನಾಲ್ಕು ದಿನದ ಮಟ್ಟಿಗೆಂದು ಕೊಯ್ನಾ ಅಣೆಕಟ್ಟಿನ ಊರಿಗೆ ಅಕ್ಕನ ಮನೆಗೆ ಹೋಗಿದ್ದಳು. ಆ ರಾತ್ರಿ ಭಾವ ವಿದ್ಯುತ್ ಕೇಂದ್ರದಲ್ಲಿ ಪಾಳಿಯಲ್ಲಿದ್ದರು. ಬೆಳಗಾಗುವ ಮೊದಲೇ ಭೂಮಿ ನಡುಗಿ ಕಲ್ಲಿನ ಗೋಡೆಗಳು ಕುಸಿದವು. ಅವಳನ್ನು ಜನ ಎಳೆದು ಹೊರಗೆ ತೆಗೆದರು. ಇಂದಿರಕ್ಕ ಉಳಿಯಲಿಲ್ಲ. ಮುರಳೀಧರನ ಅಪ್ಪ ಆಗ ಮೈಸೂರಿನಿಂದ ವರ್ಗವಾಗಿ ಬೆಳಗಾವಿಯಲ್ಲಿದ್ದ ಸರ್ಕಾರಿ ಅಧಿಕಾರಿ. ಸಂಬಂಧ ಕೂಡಿಸುವಾಗಲೇ ಈ ಸಂಗತಿ ಅವರಿಗೆ ತಿಳಿದಿತ್ತು. ಮುರಳೀಧರನಿಗೂ ಅಷ್ಟೇ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ಹೆರನ್ ಬೆಂಡ್‌ನಲ್ಲಿ ಆ ತಿಂಗಳು ಅವಳು ಮತ್ತೆ ಮತ್ತೆ ಓಡಿದಳು. ಒಮ್ಮೆ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಂತೆಯೇ. ಒಮ್ಮೆ ಮುರಳೀಧರನ ಆಫೀಸಿನ ಹಿರಿಯರು ಊಟಕ್ಕೆ ಬಂದಿದ್ದಾಗ, ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ಮೀರಾಳನ್ನು ಕುರ್ಚಿಯಿಂದ ಕಿತ್ತುಕೊಂಡು ಬಾಗಿಲು ದಾಟಿದಳು. ಅತಿಥಿಗಳು ಫೋರ್ಕ್ ಹಿಡಿದುಕೊಂಡೇ ಕೂತಿದ್ದರು. ಅವರು ಹೋದ ಮೇಲೆ ಮುರಳೀಧರ ಸಿಟ್ಟಾಗಲಿಲ್ಲ. ತಟ್ಟೆಗಳನ್ನು ತಾನೇ ತೊಳೆದ. "ದೀಪಾವಳಿಗೆ ಡಲ್ಲಾಸ್‌ಗೆ ಹೋಗ್ತೀವಲ್ಲ, ಡಾಕ್ಟರ್ ರಾಮಮೂರ್ತಿಯವರ ಹತ್ತಿರ ಒಂದು ಮಾತು ಕೇಳೋಣ," ಎಂದಷ್ಟೇ ಹೇಳಿದ.

ರಾಮಮೂರ್ತಿಯವರ ಮನೆ ಡಲ್ಲಾಸಿನ ಉತ್ತರಕ್ಕೆ, ರಿಚರ್ಡ್‌ಸನ್‌ನಲ್ಲಿ. ಟೆಕ್ಸಸ್ಸಿನಲ್ಲಿ ಆಗ ಇದ್ದ ಕನ್ನಡದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಬ್ಬಕ್ಕೆ ಹೆಚ್ಚು ಕಡಿಮೆ ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಡಾಕ್ಟರು ಮಂದಾಕಿನಿಯನ್ನು ಒಳಕೋಣೆಯಲ್ಲಿ ಕೂರಿಸಿ ನಾಡಿ ಹಿಡಿದು, ನಿದ್ರೆ ಬರುತ್ತದೆಯೇ, ಹಸಿವಾಗುತ್ತದೆಯೇ ಎಂದೆಲ್ಲ ಕೇಳಿ, ಮಾತ್ರೆ ಬರೆದುಕೊಟ್ಟರು. ಒಳ್ಳೆಯ ಮನುಷ್ಯ, ಆದರೆ ಗುಟ್ಟು ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಹೋಳಿಗೆ ಬಡಿಸುತ್ತಾ, "ನಮ್ಮ ಮಂದಾಕಿನಿ ಹೂಸ್ಟನ್ನಿಗೇ ಭೂಕಂಪ ತಂದುಬಿಟ್ಟಿದ್ದಾಳೆ ಕಣ್ರಯ್ಯ!" ಎಂದುಬಿಟ್ಟರು. ಜನ ನಕ್ಕರು. ಮಂದಾಕಿನಿಯೂ ನಗಬೇಕಾಯಿತು.

ಗೋಡೆಗೊರಗಿ ತಿನ್ನುತ್ತಿದ್ದ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಮಂಗಳೂರಿನವನು, ವಾಲ್ಟರ್ ಲೋಬೊ. ಆಸ್ಟಿನ್‌ನಲ್ಲಿ ಭೂಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಹಬ್ಬದೂಟದ ಆಸೆಗೆ ಯಾರದೋ ಕಾರು ಹತ್ತಿ ಬಂದಿದ್ದ. ತಟ್ಟೆ ಹಿಡಿದುಕೊಂಡೇ ಅವಳ ಬಳಿ ಬಂದು ಕೂತ.

"ಅಕ್ಕಾ, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಮೊದಲು ಶಬ್ದ ಬಂದದ್ದಾ, ಅಲ್ಲ ಮೊದಲು ಅಲುಗಾಡಿದ್ದಾ?"

ಮಂದಾಕಿನಿ ಅವನ ಮುಖವನ್ನೇ ನೋಡಿದಳು. ಇಷ್ಟು ದಿನದಲ್ಲಿ ಆ ನಡುಕದ ಬಗ್ಗೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

"ಮೊದ್ಲ ಸಪ್ಪಳ. ಪೆಟ್ಟಿಗಿ ಎಳದಂಗ. ಆಮ್ಯಾಲ ಒಂದ್ ಸಲ ನೆಲ ಸರೀತು."

"ಲಾರಿ ಹೋದ್ರೆ ಎರಡೂ ಒಟ್ಟಿಗೇ ಬಂದು ಒಟ್ಟಿಗೇ ಹೋಗ್ತದೆ," ಎಂದ ಲೋಬೊ. "ನಾನು ಒಂದು ಮಿಷಿನ್ ತಂದು ನಿಮ್ಮ ಮನೆಯಲ್ಲಿ ಇಡಬಹುದಾ?"

ಮಾತ್ರೆಗಳನ್ನು ಅವಳು ಕೆಲವು ದಿನ ನುಂಗಿದಳು. ಹಗಲೆಲ್ಲ ಮೈ ಜೋಲುತ್ತಿತ್ತು. ಒಂದು ಮಧ್ಯಾಹ್ನ ಸೋಫಾದಲ್ಲೇ ಕಣ್ಣು ಹತ್ತಿ, ಎಚ್ಚರಾದಾಗ ಮೀರಾ ಹಿತ್ತಿಲ ಬಾಗಿಲು ತೆಗೆದು ನದಿಯ ಕಡೆ ಅರ್ಧ ದಾರಿ ಹೋಗಿದ್ದಳು. ಅಂದೇ ಉಳಿದ ಮಾತ್ರೆಗಳನ್ನು ಸಿಂಕಿಗೆ ಸುರಿದಳು.

ಜನವರಿಯಲ್ಲಿ ಲೋಬೊ ಮಿಷಿನ್ ತಂದ. ನೆಲದ ಅಲುಗಾಟ ಹಿಡಿಯುವ ಸಂವೇದಕವನ್ನು ಗ್ಯಾರೇಜಿನ ಕಾಂಕ್ರೀಟಿನ ಮೇಲೆ ಕೂರಿಸಿ, ಅದರಿಂದ ತಂತಿ ಎಳೆದು ಒಂದು ಪೆಟ್ಟಿಗೆಗೆ ಜೋಡಿಸಿದ. ಪೆಟ್ಟಿಗೆಯೊಳಗೆ ನಿಧಾನ ತಿರುಗುವ ಉರುಳೆ. ಉರುಳೆಗೆ ಸುತ್ತಿದ ಕಾಗದಕ್ಕೆ ಮಸಿ ಹಿಡಿಸಿರಬೇಕು. ಸೂಜಿ ಆ ಮಸಿಯನ್ನು ಗೀರುತ್ತಾ ಬಿಳಿ ಗೆರೆ ಎಳೆಯುತ್ತದೆ. ಕಾಗದವನ್ನು ದಿನವೂ ಬದಲಿಸಬೇಕಿತ್ತು. ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿಯುವುದನ್ನು ಅವನು ತೋರಿಸಲು ಹೊರಟಾಗ ಮಂದಾಕಿನಿ ದೀಪವನ್ನು ತಾನೇ ತೆಗೆದುಕೊಂಡಳು.

"ಕಾಡಿಗಿ ಹಿಡದಂಗ ಹೌದಲ್ಲೋ? ಇಲ್ಲಿ ಕೊಡು."

ಮನೆಯೊಳಗೆ, ಅಡುಗೆ ಕಟ್ಟೆಯ ಪಕ್ಕ, ಲೋಬೊ ಕರೆಗಂಟೆಯ ಗುಂಡಿಯೊಂದನ್ನು ಕೂರಿಸಿದ. ನೆಲ ಅಲುಗಿತೆನಿಸಿದ ಕೂಡಲೇ ಅವಳು ಅದನ್ನು ಒತ್ತಬೇಕು, ಕಾಗದದ ಅಂಚಿನಲ್ಲಿ ಒಂದು ಗುರುತು ಬೀಳುತ್ತದೆ. ಆಮೇಲೆ ಬೇಕಾದರೆ ಓಡಬಹುದು.

ಮುರಳೀಧರ ಇದನ್ನೆಲ್ಲ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ. ಒಳಗೊಳಗೇ ಅವನಿಗೊಂದು ಆಸೆಯಿತ್ತು. ಮಿಷಿನ್ ಏನನ್ನೂ ಹಿಡಿಯದಿದ್ದರೆ ಇವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದ.

ಫೆಬ್ರವರಿ ಕೊನೆಯ ಭಾನುವಾರ ಲೋಬೊ ಮತ್ತೆ ಬಂದ. ಮಸಿ ಅಳಿಸದಂತೆ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿಟ್ಟ ಕಾಗದಗಳನ್ನು ಊಟದ ಮೇಜಿನ ಮೇಲೆ ಒಂದೊಂದಾಗಿ ಹರಡಿದ. ಗಂಡ ಹೆಂಡತಿ ಎದುರು ಬದುರು ಕೂತರು. ನೇರವಾಗಿ ಹೋಗುತ್ತಿದ್ದ ಗೆರೆ ಒಂದು ಕಡೆ ಹಠಾತ್ತನೆ ಅಗಲಕ್ಕೆ ಹಾರಿ, ಬರುಬರುತ್ತಾ ಸಣ್ಣಗಾಗಿ, ಮತ್ತೆ ನೇರವಾಗಿತ್ತು. ಅದರ ಪಕ್ಕದಲ್ಲೇ ಅವಳು ಗುಂಡಿ ಒತ್ತಿದ ಗುರುತು.

"ಇದು ಭೂಕಂಪವೇ ಸರ್," ಎಂದ ಲೋಬೊ. "ಸಣ್ಣದು. ಆದ್ರೆ ತುಂಬಾ ಹತ್ತಿರದ್ದು. ನಿಮ್ಮ ಮನೆಯ ಕೆಳಗೇ ಅನ್ನಬಹುದು."

ಮುರಳೀಧರ ಬೆರಳಿನಿಂದ ಆ ಗೆರೆಯನ್ನು ಮುಟ್ಟಿ, ಕಣ್ಣೆತ್ತಿ ಹೆಂಡತಿಯನ್ನು ನೋಡಿದ. "ತಪ್ಪಾಯ್ತು ಮಂದಾ," ಎಂದ.

ಆದರೆ ಲೋಬೊ ಇನ್ನೂ ಮುಗಿಸಿರಲಿಲ್ಲ. ಅವನು ತುಸು ಹಿಂಜರಿಯುತ್ತಾ ಉಳಿದ ಕಾಗದಗಳನ್ನೂ ಬಿಡಿಸಿದ. ಅವುಗಳಲ್ಲಿ ಅವಳು ಒತ್ತಿದ ಗುರುತುಗಳಿದ್ದವು, ಗೆರೆ ಮಾತ್ರ ನೇರವಾಗಿತ್ತು. ಹಾಗೆ ಬರಿದೇ ಒತ್ತಿದವೇ ಹೆಚ್ಚು. ಮತ್ತೆ ಕೆಲವು ಕಡೆ ಗೆರೆ ಹಾರಿತ್ತು, ಗುರುತೇ ಇರಲಿಲ್ಲ. ಅವಳು ಅಂಗಡಿಗೋ, ಮೀರಾಳನ್ನು ಆಡಿಸಲಿಕ್ಕೋ ಹೋಗಿದ್ದ ಹೊತ್ತು ಕೆಲವು. ಇನ್ನು ಕೆಲವು ಸಲ ಮನೆಯಲ್ಲೇ ಇದ್ದಳು, ಆದರೂ ಗೊತ್ತಾಗಿರಲಿಲ್ಲ.

ಮಂದಾಕಿನಿ ಆ ನೇರ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಗೆದ್ದೆ ಎಂದು ಮೊದಲು ಮುಖಕ್ಕೆ ಏರಿದ್ದ ರಕ್ತ ಇಳಿಯಿತು.

"ಹಂಗಾದ್ರ ನಾ ಹುಚ್ಚಿನೋ, ಅಲ್ಲೋ? ಅದನ್ನರ ಹೇಳ್ತದೇನು ನಿನ್ನ ಮಿಷಿನ್?"

"ಇಲ್ಲ ಅಕ್ಕಾ. ಅದಕ್ಕೆ ನೆಲದ್ದು ಮಾತ್ರ ಗೊತ್ತಾಗುವುದು."

ಲೋಬೊ ಕಾಗದಗಳನ್ನು ಸುತ್ತಿಕೊಂಡು ಹೊರಟ. ಗಂಡ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು, ಮೀರಾ ಹುಲ್ಲಿನಲ್ಲಿ ಆಡುತ್ತಿದ್ದಳು. ಮುರಳೀಧರ, "ಅವತ್ತು ಅಲ್ಲಿ ಏನಾಯ್ತು?" ಎಂದು ಕೇಳಿದ. ಮದುವೆಯಾಗಿ ಐದು ವರ್ಷವಾಗಿತ್ತು.

ಅವಳು ಹೇಳಿದಳು. ಅಕ್ಕ ತಂಗಿ ಒಂದೇ ಕೋಣೆಯಲ್ಲಿ ಮಲಗಿದ್ದರು. ತೊಲೆಯೊಂದು ಅಡ್ಡ ಬಿದ್ದು ಅವಳ ಮೇಲಿನ ಕಲ್ಲುಗಳನ್ನು ತಡೆದಿತ್ತು. ಅಕ್ಕ ಆಚೆಗಿದ್ದಳು, ಕಾಣುತ್ತಿರಲಿಲ್ಲ, ಮಾತಾಡುತ್ತಿದ್ದಳು. "ಮಂದಾ, ಕೈಕಾಲು ಆಡಸೂದಕ್ಕ ಬರ್ತಾವೇನ?" ಎಂದಳು. "ಅಳಬ್ಯಾಡ, ಧೂಳಾ ಬಾಯಾಗ ಹೋಗ್ತದ," ಎಂದಳು. ಇವಳು ಅಳುತ್ತಲೇ ಇದ್ದಳು. ಹೊರಗೆ ಜನರ ದನಿ ಕೇಳಿಸಿ ಇವಳು ಕೂಗತೊಡಗಿದಳು, ಗಂಟಲು ಹರಿಯುವಷ್ಟು ಕೂಗಿದಳು. ಉಸಿರಿಗೆಂದು ನಿಲ್ಲಿಸಿದಾಗ ಅಕ್ಕನ ಮಾತು ನಿಂತಿತ್ತು. ಯಾವಾಗ ನಿಂತಿತೋ ತಿಳಿಯದು.

"ನಡುಗೂದಕ್ಕ ನಾ ಅಂಜೂದಿಲ್ಲರಿ," ಎಂದಳು ಕೊನೆಗೆ. "ನಡುಗಿದ ಮ್ಯಾಲ ಎಲ್ಲಾ ಸುಮ್ಮನಾಗ್ತದಲ್ಲ, ಅದಕ್ಕ ಅಂಜ್ತೀನಿ."

ಮುರಳೀಧರ ಅವಳ ಕೈ ಹಿಡಿದುಕೊಂಡು ಕೂತ. "ಇನ್ನು ಮೇಲೆ ಓಡೋವಾಗ ನನ್ನನ್ನೂ ಕರಿ. ಸುಳ್ಳೋ ನಿಜವೋ, ಇಬ್ಬರೂ ಹೊರಗೆ ನಿಲ್ಲೋಣ," ಎಂದ.

ಸುದ್ದಿ ಬಡಾವಣೆಗೆ ಹಬ್ಬಿತು. ಮಾರ್ಚಿನಲ್ಲಿ ಶಾಲೆಯ ಊಟದ ಕೋಣೆಯಲ್ಲಿ ಸಭೆ ಸೇರಿತು. ಲೋಬೊನ ಪ್ರೊಫೆಸರರು ಆಸ್ಟಿನ್‌ನಿಂದ ಬಂದು ಚಿತ್ರ ಬರೆದು ವಿವರಿಸಿದರು. ಎಷ್ಟೋ ವರ್ಷಗಳಿಂದ ನೆಲದೊಳಗಿನ ನೀರನ್ನೂ ಎಣ್ಣೆಯನ್ನೂ ಎತ್ತಿದ್ದರಿಂದ ನದಿಯ ಈ ದಂಡೆ ಕುಗ್ಗುತ್ತಿದೆ, ಕೆಳಗಿರುವ ಹಳೆಯ ಬಿರುಕೊಂದು ಆಗಾಗ ಜರುಗುತ್ತಿರಬಹುದು, ಖಚಿತವಾಗಿ ಹೇಳಲು ಇನ್ನೂ ಸಮಯ ಬೇಕು ಎಂದರು. ಗೋಡೆ ಸೀಳಿದ್ದು, ಬಾಗಿಲು ಹಾಕಿಕೊಳ್ಳದೆ ಹೋದದ್ದು, ಅಮಾವಾಸ್ಯೆ ಹುಣ್ಣಿಮೆಯ ಉಬ್ಬರಕ್ಕೆ ಹಿತ್ತಿಲಲ್ಲಿ ನೀರು ನಿಂತದ್ದು, ಒಬ್ಬೊಬ್ಬರೇ ಎದ್ದು ಹೇಳತೊಡಗಿದರು. ಇಷ್ಟು ದಿನ ಎಲ್ಲರೂ ತಮ್ಮ ತಮ್ಮ ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿದು ಸುಮ್ಮನಿದ್ದರು.

ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಈ ಹೆಂಗಸು ಮಿಷಿನ್ ತರಿಸುವವರೆಗೆ ಇಲ್ಲಿ ಭೂಕಂಪ ಇರಲಿಲ್ಲ. ಇನ್ನು ನಮ್ಮ ಮನೆಗಳನ್ನು ಯಾರು ಕೊಳ್ಳುತ್ತಾರೆ?" ಎಂದ. ಕೆಲವರು ಹೌದೆಂದರು. ಮಂದಾಕಿನಿ ಸೀರೆಯ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದಳು.

ಲೊರೀನ್ ಕೂತಲ್ಲಿಂದಲೇ ತಿರುಗಿದಳು. "ನನ್ನ ಚಿಮಣಿ ಮನೆ ಬಿಟ್ಟು ಅಷ್ಟಗಲ ಆಚೆ ವಾಲಿದೆ. ಅದನ್ನೂ ಇವಳೇ ದೂಡಿದಳಾ?"

ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ, ದೊಡ್ಡದು ಬಂತು. ಕೊಯ್ನಾದ ಮುಂದೆ ಅದೇನೂ ಅಲ್ಲ. ಆದರೆ ಹೆರನ್ ಬೆಂಡ್‌ನ ಮನೆಗಳು ಮೊದಲೇ ಸಡಿಲಾಗಿದ್ದವು. ಮಂದಾಕಿನಿ ಮೀರಾಳನ್ನು ಎತ್ತಿಕೊಂಡು ಹುಲ್ಲಿನ ಮೇಲೆ ಬಂದು ನಿಂತಳು. ಅಕ್ಕಪಕ್ಕದವರೂ ಈ ಸಲ ಹೊರಗೆ ಬಂದಿದ್ದರು. ಎಲ್ಲರ ಕಣ್ಣೆದುರೇ, ಆಚೆ ವಾಲಿದ್ದ ಲೊರೀನ್ ಮನೆಯ ಚಿಮಣಿ ತೂಗಾಡಿ ಮನೆಯ ಕಡೆಗೇ ಮಗುಚಿ, ಮಾಡು ಮುರಿದುಕೊಂಡು ಒಳಗೆ ಬಿತ್ತು. ಕೆಂಪು ಧೂಳೆದ್ದಿತು. ಬೀದಿಯೆಲ್ಲ ಒಂದು ಗಳಿಗೆ ಸದ್ದಡಗಿತು.

ಮಂದಾಕಿನಿ ಪಕ್ಕದ ಮನೆಯವಳ ಕೈಗೆ ಮೀರಾಳನ್ನು ಕೊಟ್ಟಳು. ಮಗು "ಮಮ್ಮಿ, ಡೋಂಟ್ ಗೋ!" ಎಂದು ಸೆರಗು ಹಿಡಿಯಿತು. ಅವಳು ಬೆರಳು ಬಿಡಿಸಿದಳು. "ಈಗ ಬರ್ತೀನಿ ಚಿನ್ನ, ಇಲ್ಲೇ ನಿಂದ್ರು," ಎಂದು ರಸ್ತೆ ದಾಟಿದಳು. ಹಿಂದಿನಿಂದ ಯಾರೋ ಬೇಡ, ಇನ್ನೊಂದು ಬರಬಹುದು ಎಂದು ಕೂಗಿದರು. ಬರಬಹುದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

ಹಜಾರದಲ್ಲಿ ಬೆಳಕು ಮೇಲಿನ ತೂತಿನಿಂದ ಬೀಳುತ್ತಿತ್ತು. ಲೊರೀನ್ ಸೋಫಾದ ಬುಡದಲ್ಲಿ ಬಿದ್ದಿದ್ದಳು. ತೊಡೆಯವರೆಗೆ ಇಟ್ಟಿಗೆ. ಹಣೆಯಿಂದ ರಕ್ತ. ಕಣ್ಣು ಮುಚ್ಚಿತ್ತು. ಗ್ಯಾಸಿನ ವಾಸನೆ ಬಂದಂತಾಗಿ ಮಂದಾಕಿನಿ ಕಿಟಕಿಯಿಂದ ಹೊರಗೆ, "ಗ್ಯಾಸ್ ಬಂದ್ ಮಾಡಿ!" ಎಂದು ಕೂಗಿದಳು. ಯಾರೋ ಮೀಟರಿನತ್ತ ಓಡಿದ ಸದ್ದು ಕೇಳಿತು. ಆಮೇಲೆ ನೆಲದ ಮೇಲೆ ಕೂತು ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ದೊಡ್ಡ ತುಂಡುಗಳು ಅವಳಿಂದ ಅಲುಗಲಿಲ್ಲ.

"ಲೊರೀನ್, ನಿಮ್ಮ ತವರೂರು ಯಾವುದು?"

ಉತ್ತರವಿಲ್ಲ. ಅವಳು ಕೆನ್ನೆ ತಟ್ಟಿ ಮತ್ತೆ ಕೇಳಿದಳು. ಮತ್ತೆ ಕೇಳಿದಳು.

"ವೇಕೊ," ಎಂದಳು ಲೊರೀನ್, ಎಲ್ಲಿಂದಲೋ.

"ಅಲ್ಲಿ ಏನು ಬೆಳೀತೀರಿ? ತಂದೆ ಏನು ಮಾಡ್ತಿದ್ದರು? ಎಷ್ಟು ಜನ ಅಣ್ಣತಮ್ಮಂದಿರು? ಹೆಸರು ಹೇಳಿ."

ಲೊರೀನ್ ಹೇಳಿದಳು. ಹತ್ತಿ. ದನಗಳು. ತಮ್ಮನೊಬ್ಬ ಯುದ್ಧದಿಂದ ಬರಲಿಲ್ಲ. ದನಿ ತಗ್ಗಿದಾಗಲೆಲ್ಲ ಮಂದಾಕಿನಿ ಇನ್ನೊಂದು ಪ್ರಶ್ನೆ ಹಾಕಿದಳು. ಮದುವೆಯಲ್ಲಿ ಯಾವ ಬಣ್ಣದ ಬಟ್ಟೆ ಉಟ್ಟಿದ್ದಿರಿ, ಗಂಡ ಮೊದಲು ಕೊಟ್ಟ ಉಡುಗೊರೆ ಯಾವುದು, ಪೀಕನ್ ಪೈಗೆ ಎಷ್ಟು ಸಕ್ಕರೆ. ನಡುವೆ ಒಮ್ಮೆ ನೆಲ ಮತ್ತೆ ಸಣ್ಣಗೆ ಜರುಗಿ ಮೇಲಿನಿಂದ ಪುಡಿ ಉದುರಿತು. ಮಂದಾಕಿನಿ ಬಗ್ಗಿ ಮುದುಕಿಯ ತಲೆಗೆ ತನ್ನ ಮೈ ಅಡ್ಡ ಕೊಟ್ಟಳು, ಪ್ರಶ್ನೆ ನಿಲ್ಲಿಸಲಿಲ್ಲ.

"ನೀನು ತುಂಬಾ ಮಾತಾಡ್ತೀಯ," ಎಂದಳು ಲೊರೀನ್, ಕಣ್ಣು ತೆರೆಯದೆ. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನೆಲ್ಲ?"

ಅಗ್ನಿಶಾಮಕದವರು ಬಂದು ಅವಳನ್ನು ಹೊತ್ತೊಯ್ದರು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆಫೀಸಿನಿಂದ ಓಡಿಬಂದ ಮುರಳೀಧರ ಹುಲ್ಲಿನ ಮೇಲೆ ಕೂತಿದ್ದ ಹೆಂಡತಿಯನ್ನು ಕಂಡ. ತಲೆಯಿಂದ ಕಾಲವರೆಗೆ ಇಟ್ಟಿಗೆಯ ಧೂಳು. ಮಡಿಲಲ್ಲಿ ಮಗು. ಅವಳು ಅಳುತ್ತಿದ್ದಳು, ತಡೆಯಿಲ್ಲದೆ, ದನಿ ತೆಗೆದು. ಕೊಯ್ನಾದಿಂದ ಬಂದ ಮೇಲೆ ಹಾಗೆ ಅತ್ತಿರಲಿಲ್ಲವೆಂದು ಆಮೇಲೆ ಹೇಳಿದಳು.

ಮಾರನೆಯ ದಿನವೇ ಮುರಳೀಧರ ಊರ ಪಶ್ಚಿಮಕ್ಕೆ ಮನೆ ನೋಡಿ ಬಂದ. "ಈ ವಾರವೇ ಶಿಫ್ಟ್ ಆಗೋಣ. ಇಲ್ಲಿ ಇನ್ನೊಂದು ದಿನವೂ ಬೇಡ."

ಮಂದಾಕಿನಿ ತಲೆಯಾಡಿಸಿದಳು. "ಹೋಗೂಣು. ಆದ್ರ ಓಡಿ ಹೋಗೂದು ಬ್ಯಾಡ. ಲೊರೀನ್ ಆಸ್ಪತ್ರಿಯಿಂದ ಬರಲಿ, ಅಕಿದು ಒಂದು ವ್ಯವಸ್ಥಾ ಆಗಲಿ. ಹಿಂದಿನ ಕ್ವಾಣ್ಯಾಗ ಮಲಗೂಣು, ಅಲ್ಲಿ ಚಿಮಣಿ ಇಲ್ಲ."

ಹಾಗೆಯೇ ಮಾಡಿದರು. ಲೊರೀನಳ ಮಗಳು ಆಸ್ಟಿನ್‌ನಲ್ಲಿದ್ದಳು. ಬೇಸಿಗೆಯಲ್ಲಿ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಇವರ ಮನೆಗೆ ಮಾತ್ರ ಗಿರಾಕಿ ಸಿಗಲಿಲ್ಲ, ಹೊರಡುವುದು ಮುಂದಕ್ಕೆ ಹೋಯಿತು. ಕಂಪನಗಳು ಆ ವರ್ಷವೆಲ್ಲ ಆಗಾಗ ಬಂದು, ಕ್ರಮೇಣ ಅಪರೂಪವಾದವು. ಯಾಕೆ ಬಂದವು, ಯಾಕೆ ಕಡಿಮೆಯಾದವು ಎಂಬುದಕ್ಕೆ ಲೋಬೊನ ಬಳಿಯೂ ಪೂರ್ತಿ ಉತ್ತರವಿರಲಿಲ್ಲ. ಇಲ್ಲದ ಕಂಪನಕ್ಕೂ ಮಂದಾಕಿನಿ ಒಮ್ಮೊಮ್ಮೆ ಎದ್ದು ನಿಲ್ಲುತ್ತಿದ್ದಳು. ಬಾಗಿಲವರೆಗೆ ಹೋಗಿ, ಕಿವಿಗೊಟ್ಟು, ತಿರುಗಿ ಬರುತ್ತಿದ್ದಳು.

ಮುಂದಿನ ವರ್ಷ ಮಳೆಗಾಲದಲ್ಲಿ ನದಿ ಅಡುಗೆಮನೆಯ ಹೊಸ್ತಿಲವರೆಗೆ ಬಂತು. ಬೀದಿಯ ಅರ್ಧ ಮನೆಗಳು ಖಾಲಿಯಾಗಿದ್ದವು. ಕೊಳ್ಳುವವರಾರೂ ಇರಲಿಲ್ಲ, ಇವರೂ ಮನೆಯನ್ನು ಹಾಗೇ ಬಿಟ್ಟು ಹೊರಟರು. ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಮಂದಾಕಿನಿ ಕಸಬರಿಗೆ ಹಿಡಿದು ಒಳಗೆ ಹೋದಳು. ಕೋಣೆಯಿಂದ ಕೋಣೆಗೆ ಗುಡಿಸುತ್ತಾ ಬಂದಳು. ಬಾಗಿಲಲ್ಲಿ ಕಾರಿನ ಕೀಲಿ ಹಿಡಿದು ನಿಂತಿದ್ದ ಮುರಳೀಧರ, "ಯಾರೂ ಬರದ ಮನೆ ಕಣೇ, ಇನ್ನೊಂದು ವರ್ಷಕ್ಕೆ ನೀರಲ್ಲಿರುತ್ತೆ. ಯಾಕೆ ಗುಡಿಸ್ತೀಯ?" ಎಂದ.

"ಎರಡು ವರ್ಷ ಇದ್ದೀವಲ್ರಿ," ಎಂದಳು ಅವಳು, ಮತ್ತು ಮೂಲೆಯಲ್ಲಿ ಉಳಿದಿದ್ದ ಧೂಳನ್ನೂ ಎಳೆದುಕೊಂಡಳು.